ನಳಿಕೆ ಉದ್ದವಾದರೆ ಗುಂಡಿನ ವೇಗ ಎಷ್ಟು ಹೆಚ್ಚುತ್ತದೆ? ನೀವೇ ಅಳೆದು ನೋಡುವ ಬಗೆ

ನನ್ನ ಹಳೆಯ ಎನ್‌ಸಿಸಿ ನೋಟ್‌ಬುಕ್ಕಿನಲ್ಲಿ .22 ರೈಫಲ್ಲಿನ (ನಳಿಕೆಯ ಒಳವ್ಯಾಸ ಸುಮಾರು 0.22 ಇಂಚು) ಬಗ್ಗೆ ಆರು ಸಾಲುಗಳಿವೆ. ಉದ್ದ, ತೂಕ, ಮ್ಯಾಗಜೀನಿನಲ್ಲಿ ಹಿಡಿಸುವ ಗುಂಡುಗಳು, ಹೀಗೆ. ಐದನೆಯ ಸಾಲು: “ನಳಿಕೆಯ ಬಾಯಲ್ಲಿ ಗುಂಡಿನ ವೇಗ ಸೆಕೆಂಡಿಗೆ 2700 ಅಡಿ.” ಧಾರವಾಡದ ಮೈದಾನವೊಂದರಲ್ಲಿ ಬಿಸಿಲಿಗೆ ಕುಳಿತು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ ಸಾಲು ಅದು. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಸಿಕ್ಕಿತು. ಮೂವತ್ತು ವರ್ಷಗಳ ನಂತರ, ಹಾವೇರಿಯಲ್ಲಿ ಓದುತ್ತಿರುವ ಅಣ್ಣನ ಮಗ ತನ್ನ ನೋಟ್‌ಬುಕ್ ತಂದು ತೋರಿಸಿದ. ಅದರಲ್ಲಿಯೂ 2700.

“ಕಾಕಾ, ಹಾಗಾದರೆ ನಳಿಕೆ ಇನ್ನೂ ನಾಲ್ಕು ಇಂಚು ಉದ್ದವಿದ್ದರೆ ಮೂರು ಸಾವಿರ ಆಗುತ್ತದೆಯೇ?”

ಪ್ರಶ್ನೆ ಒಳ್ಳೆಯದು, ಸಂಖ್ಯೆ ತಪ್ಪು. ಎರಡನ್ನೂ ನಾವಿಬ್ಬರೂ ಒಂದು ಬೇಸಿಗೆ ರಜೆಯಲ್ಲಿ ಕುಳಿತು ಬಿಡಿಸಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ರೈಫಲ್ ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆ, ಕೆಡೆಟ್‌ಗಳಿಗೆ, ಏರ್ ರೈಫಲ್ ಕೊಡಿಸಿ ಎಂದು ಮಕ್ಕಳು ಹಟ ಹಿಡಿದಿರುವ ತಂದೆ-ತಾಯಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲ ಹೆಜ್ಜೆ: ಸಂಖ್ಯೆಯನ್ನು ತಾಳೆ ನೋಡಿ

ಯಾವುದೇ ವೇಗವನ್ನು ನಂಬುವ ಮೊದಲು ಅದನ್ನು ಶಕ್ತಿಗೆ ಬದಲಿಸಿ ನೋಡಬೇಕು. ಪಿಯುಸಿಯಲ್ಲಿ ಕಲಿತ ಸೂತ್ರ ಸಾಕು: ಕಿಲೋಗ್ರಾಮಿನಲ್ಲಿ ಹಾಕಿದ ತೂಕದ ಅರ್ಧವನ್ನು, ಮೀಟರಿನಲ್ಲಿ ಹಾಕಿದ ವೇಗದ ವರ್ಗದಿಂದ ಗುಣಿಸುವುದು. .22 ಲಾಂಗ್ ರೈಫಲ್ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ 2.6 ಗ್ರಾಮ್. 2700 ಅಡಿ ಎಂದರೆ 823 ಮೀಟರ್. ಲೆಕ್ಕ ಹಾಕಿದರೆ ಸುಮಾರು 880 ಜೂಲ್ ಬರುತ್ತದೆ.

ಈಗ ಅಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂದು ಕೇಳಿ. ಆ ಪುಟ್ಟ ಕಾಡತೂಸಿನಲ್ಲಿರುವ ಹೊಗೆರಹಿತ ಮದ್ದು ಸುಮಾರು 0.1 ಗ್ರಾಮ್. ಒಂದು ಗ್ರಾಮ್ ಮದ್ದು ಸುಟ್ಟರೆ ಹೊರಬೀಳುವ ಶಕ್ತಿ ಹೆಚ್ಚೆಂದರೆ 5,000 ಜೂಲ್ ಆಸುಪಾಸು. 0.1 ಗ್ರಾಮಿಗೆ 500 ಜೂಲ್ ಆಯಿತು. ಅದರಲ್ಲಿಯೂ ಮೂರನೆಯ ಒಂದು ಭಾಗ ಗುಂಡಿಗೆ ದಕ್ಕಿದರೆ ಹೆಚ್ಚು. ಉಳಿದದ್ದು ನಳಿಕೆಯನ್ನು ಬಿಸಿ ಮಾಡುವುದರಲ್ಲಿ, ಬಿಸಿ ಅನಿಲವಾಗಿ ಬಾಯಿಂದ ನುಗ್ಗಿ ಸದ್ದು ಮಾಡುವುದರಲ್ಲಿ ಕಳೆದುಹೋಗುತ್ತದೆ. ಐನೂರು ರೂಪಾಯಿ ಇಟ್ಟುಕೊಂಡು ಎಂಟುನೂರ ಎಂಬತ್ತರ ಸಾಮಾನು ತಂದೆ ಎಂದರೆ ನಂಬುವವರು ಯಾರು?

.22 ಗುಂಡಿನ ನಿಜವಾದ ವೇಗ ಸೆಕೆಂಡಿಗೆ 320ರಿಂದ 380 ಮೀಟರ್. ಅಡಿಗಳಲ್ಲಿ ಹೇಳಿದರೆ 1050ರಿಂದ 1250. ಆ 2700 ಎಲ್ಲಿಂದ ಬಂತು ಎಂಬುದಕ್ಕೆ ನನ್ನದೊಂದು ಅನುಮಾನವಿದೆ. ಸೈನ್ಯದ ಹಳೆಯ, 7.62 ಮಿಲಿಮೀಟರ್ ಗುಂಡಿನ ಎಸ್‌ಎಲ್‌ಆರ್ ರೈಫಲ್ಲಿನ ವೇಗ ಹೆಚ್ಚು ಕಡಿಮೆ ಅಷ್ಟೇ. ಯಾರೋ ಎಂದೋ ನಕಲು ಮಾಡುವಾಗ ಪಕ್ಕದ ಕಾಲಮಿನಿಂದ ಅದು ಜಾರಿ ಬಂದಿರಬೇಕು. ಅಣ್ಣನ ಮಗ ತನ್ನ ನೋಟ್‌ಬುಕ್ಕನ್ನು ತಿದ್ದಲು ಹೊರಟ. ಪರೀಕ್ಷೆ ಮುಗಿಯುವವರೆಗೆ ತಡೆ ಎಂದೆ.

ಎರಡನೆಯ ಹೆಜ್ಜೆ: ನಳಿಕೆಯೊಳಗೆ ಏನು ನಡೆಯುತ್ತದೆ ಎಂದು ಕಣ್ಣಿಗೆ ಕಟ್ಟಿಕೊಳ್ಳಿ

ಕೆಟ್ಟು ನಿಂತ ಆಟೋವನ್ನು ಹುಬ್ಬಳ್ಳಿಯ ರಸ್ತೆಯಲ್ಲಿ ತಳ್ಳಿದ ಅನುಭವ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ನಾಲ್ಕು ಹೆಜ್ಜೆ ಮೈಯ ಬಲವನ್ನೆಲ್ಲ ಹಾಕಿ ತಳ್ಳುತ್ತೀರಿ. ಆಮೇಲೆ ಕೈ ಸೋಲುತ್ತ ಬರುತ್ತದೆ. ಆದರೂ ಕೈ ಎತ್ತದೆ ತಳ್ಳುತ್ತಿರುವಷ್ಟು ಹೊತ್ತು ಆಟೋದ ವೇಗ ಏರುತ್ತಲೇ ಇರುತ್ತದೆ, ಮೊದಲಿನಷ್ಟು ಜೋರಾಗಿ ಅಲ್ಲ, ಅಷ್ಟೇ. ಕೊನೆಗೊಂದು ಹಂತದಲ್ಲಿ ನಿಮ್ಮ ತಳ್ಳುವಿಕೆಯೂ ಚಕ್ರದ ತಿಕ್ಕಾಟವೂ ಸರಿಸಮವಾಗುತ್ತವೆ. ಅಲ್ಲಿಂದ ಮುಂದೆ ತಳ್ಳಿಯೂ ಲಾಭವಿಲ್ಲ.

ನಳಿಕೆಯಲ್ಲಿ ತಳ್ಳುವ ಕೈ ಬಿಸಿ ಅನಿಲ. ಮದ್ದು ಹೊತ್ತಿದ ತಕ್ಷಣ, ಗುಂಡು ಇನ್ನೂ ಕೆಲವೇ ಇಂಚು ಸರಿದಿರುವಾಗ, ಒತ್ತಡ ಶಿಖರ ಮುಟ್ಟುತ್ತದೆ. ಗುಂಡು ಮುಂದೆ ಹೋದಂತೆ ಅದರ ಹಿಂದಿನ ಜಾಗ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಆದ್ದರಿಂದ ನಳಿಕೆಯ ಮೊದಲ ಇಂಚುಗಳು ಕೊಡುವಷ್ಟು ವೇಗವನ್ನು ಕೊನೆಯ ಇಂಚುಗಳು ಕೊಡಲಾರವು. ಪ್ರತಿ ಹೆಚ್ಚುವರಿ ಇಂಚಿನ ಗಳಿಕೆ ಅದರ ಹಿಂದಿನ ಇಂಚಿಗಿಂತ ಕಡಿಮೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಂಡರೆ ಅರ್ಧ ವಿಷಯ ಕೈಗೆ ಬಂದಂತೆ.

ಹಾನಗಲ್ ಕಡೆಯ ಓದುಗರಿಗೆ ಒಂದು ಎಚ್ಚರಿಕೆ. ನೀವು ಬಾಲ್ಯದಲ್ಲಿ ಆಡಿದ ಬಿದಿರಿನ ಪೆಟ್ಲನ್ನು ಇದಕ್ಕೆ ಹೋಲಿಸಬೇಡಿ. ಪೆಟ್ಲಿನಲ್ಲಿ ಮುಂದಿನ ಕಾಯಿ ಕೊಳವೆಯ ತುದಿಯಲ್ಲೇ ಕುಳಿತಿರುತ್ತದೆ, ಹಿಂದಿನ ಕಾಯಿ ನಡುವಿನ ಗಾಳಿಯನ್ನು ಒತ್ತುತ್ತದೆ. ಅಲ್ಲಿ ಕೊಳವೆ ಪಂಪಿನ ಕೆಲಸ ಮಾಡುತ್ತದೆ, ಓಟದ ದಾರಿಯಲ್ಲ. ಊದುಗೊಳವೆಯಲ್ಲಿ ಕಾಗದದ ಬಾಣ ಹಾರಿಸುವುದು ಸರಿಯಾದ ಹೋಲಿಕೆ.

ಹಾಗಾದರೆ ಯಾವ ಉದ್ದಕ್ಕೆ ಗಳಿಕೆ ನಿಲ್ಲುತ್ತದೆ? ಅದು ಮದ್ದಿನ ಪ್ರಮಾಣವನ್ನೂ ನಳಿಕೆಯ ವ್ಯಾಸವನ್ನೂ ಅವಲಂಬಿಸಿದೆ. .22ರ 0.1 ಗ್ರಾಮ್ ಮದ್ದು ಸುಮಾರು 16 ಇಂಚಿನೊಳಗೆ ತನ್ನ ಕೆಲಸ ಮುಗಿಸಿಬಿಡುತ್ತದೆ. ಆಮೇಲೆ ವೇಗ ಹಾಗೆಯೇ ನಿಲ್ಲುತ್ತದೆ, ಇನ್ನೂ ಉದ್ದವಾದರೆ ತಿಕ್ಕಾಟದಿಂದ ತುಸು ಇಳಿಯುತ್ತದೆ. ಸೈನ್ಯದ ಹಳೆಯ .303 ರೈಫಲ್ಲಿನ ಕಾಡತೂಸಿನಲ್ಲಿ ಎರಡು ಗ್ರಾಮಿಗೂ ಹೆಚ್ಚು ಮದ್ದು. ಅದರ ಅನಿಲ 25 ಇಂಚಿನ ಕೊನೆಯಲ್ಲಿಯೂ ಗುಂಡನ್ನು ತಳ್ಳುತ್ತಲೇ ಇರುತ್ತದೆ. ಸಿಡಿಲು ಹೊಡೆದಂತಹ ಆ ದೊಡ್ಡ ಸದ್ದು, ಬಾಯಿಯ ಬೆಂಕಿ, ಎರಡೂ ಖರ್ಚಾಗದೆ ಉಳಿದ ಒತ್ತಡ.

ಇಲ್ಲಿಯೇ ಅಣ್ಣನ ಮಗನ ಪ್ರಶ್ನೆಗೆ ಉತ್ತರವಿತ್ತು. ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ .22 ತರಬೇತಿ ರೈಫಲ್ಲಿನ ನಳಿಕೆ ಸುಮಾರು 25 ಇಂಚು. .22ಕ್ಕೆ ಬೇಕಾದದ್ದಕ್ಕಿಂತ ಒಂಬತ್ತು ಇಂಚು ಹೆಚ್ಚು! ಅಷ್ಟು ಉದ್ದ ಇಟ್ಟದ್ದು ವೇಗಕ್ಕಲ್ಲ. ಮುಂದೆ .303 ಹಿಡಿಯಬೇಕಾದವನ ಕೈಗೆ ಅದೇ ತೂಕ, ಅದೇ ಹಿಡಿತ ರೂಢಿಯಾಗಲಿ, ಅಗ್ಗದ ಗುಂಡಿನಲ್ಲಿ ಕಲಿಯಲಿ ಎಂಬ ಲೆಕ್ಕ. ಅದಕ್ಕೆ ಇನ್ನೂ ನಾಲ್ಕು ಇಂಚು ಸೇರಿಸಿದರೆ ಮೂರು ಸಾವಿರವಂತೂ ಆಗುವುದಿಲ್ಲ, ಇದ್ದದ್ದೂ ಒಂದೆರಡು ಮೀಟರ್ ಕಡಿಮೆಯಾದೀತು.

ಮೂರನೆಯ ಹೆಜ್ಜೆ: ನಳಿಕೆಯ ಉದ್ದವನ್ನು ಸರಿಯಾಗಿ ಅಳೆಯಿರಿ

ಹೊರಗಿನಿಂದ ಟೇಪು ಹಿಡಿದು ಅಳೆದರೆ ತಪ್ಪಾಗುತ್ತದೆ. ನಳಿಕೆಯ ಹಿಂಭಾಗ ರೈಫಲ್ಲಿನ ಒಡಲಿನಲ್ಲಿ ಹುದುಗಿರುತ್ತದೆ. ಮುಚ್ಚಿದ ಬೋಲ್ಟಿನ (ನಳಿಕೆಯ ಹಿಂಬದಿಯನ್ನು ಮುಚ್ಚುವ ಅಗುಳಿಯ) ಮುಖದಿಂದ ನಳಿಕೆಯ ಬಾಯಿಯವರೆಗಿನ ಅಂತರವೇ ನಳಿಕೆಯ ಉದ್ದ. ಬಾಯಿಗೆ ತಿರುಗಿಸಿ ಹಾಕಿದ ಉಪಕರಣಗಳು ಲೆಕ್ಕಕ್ಕಿಲ್ಲ.

ಅಳೆಯುವ ಕೆಲಸ ರೇಂಜಿನಲ್ಲಿ, ಅಲ್ಲಿನ ಮೇಲ್ವಿಚಾರಕರ ಎದುರಿನಲ್ಲಿ ಆಗಲಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆದು ಚೇಂಬರಿನಲ್ಲಿ, ಅಂದರೆ ಕಾಡತೂಸು ಕೂರುವ ಗೂಡಿನಲ್ಲಿ, ಏನೂ ಇಲ್ಲವೆಂದು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ, ಪಕ್ಕದವರಿಂದಲೂ ನೋಡಿಸಿ. ಖಾಲಿ ಎಂದು ಮೂರು ಸಲ ಖಾತ್ರಿಯಾದ ಮೇಲೆ ಬೋಲ್ಟ್ ಮುಚ್ಚಿ, ನಳಿಕೆಯನ್ನು ಗುರಿಯ ದಿಕ್ಕಿಗೇ ಇಟ್ಟುಕೊಂಡು, ಪಕ್ಕಕ್ಕೆ ನಿಂತು ಸ್ವಚ್ಛಗೊಳಿಸುವ ಕೋಲನ್ನು ಬಾಯಿಂದ ಒಳಗೆ ಬಿಡಿ. ಬೋಲ್ಟಿಗೆ ತಾಗಿದಾಗ ಕೋಲಿನ ಮೇಲೆ ಬಾಯಿಯ ಅಂಚಿಗೆ ಸರಿಯಾಗಿ ಟೇಪು ಸುತ್ತಿ, ಹೊರತೆಗೆದು ಅಳೆಯಿರಿ.

ಏರ್ ರೈಫಲ್ಲಿನಲ್ಲಿ ಇನ್ನೊಂದು ಮೋಸವಿದೆ. ಸ್ಪರ್ಧೆಯ ರೈಫಲ್ಲುಗಳ ಮುಂಭಾಗದಲ್ಲಿ ಕಾಣುವ ಕೊಳವೆಯ ಕೊನೆಯ ಭಾಗ ಬಹುಪಾಲು ಟೊಳ್ಳು. ಗುಂಡನ್ನು ತಿರುಗಿಸುವ ಒಳಗೀರುಗಳಿರುವ ನಿಜವಾದ ನಳಿಕೆ ಅದರೊಳಗೆ ಮೊದಲೇ ಮುಗಿದಿರುತ್ತದೆ. ಮುಂದಿನ ಸೈಟನ್ನು (ಗುರಿ ಹಿಡಿಯುವ ಗುರುತನ್ನು) ಕಣ್ಣಿನಿಂದ ದೂರ ಒಯ್ಯುವುದಕ್ಕಾಗಿ ಆ ಉದ್ದ. ಎರಡು ಸೈಟುಗಳ ನಡುವಿನ ಅಂತರ ಹೆಚ್ಚಿದಷ್ಟು ಗುರಿಯ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ. “ಉದ್ದ ನಳಿಕೆಯ ಗುರಿ ಚೆನ್ನಾಗಿರುತ್ತದೆ” ಎಂಬ ಮಾತು ಹುಟ್ಟಿದ್ದು ಬಹುಶಃ ಇದರಿಂದಲೇ. ಗುರಿಯನ್ನು ಕಾಯುವುದು ನಳಿಕೆಯ ಗಡಸುತನ, ಗೀರುಗಳ ಗುಣ, ಒಳ್ಳೆಯ ಗುಂಡು. ಉದ್ದ ತಾನಾಗಿ ಏನನ್ನೂ ಕೊಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ಅಂದಾಜು ಹಾಕಿ

ಇಂಚಿಗೆ ಇಷ್ಟು ಎಂದು ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಎರಡು ಜೋಡಿ ನೋಡಿ.

ನಮ್ಮ ಇನ್ಸಾಸ್ ರೈಫಲ್ಲಿನ ನಳಿಕೆ 464 ಮಿಲಿಮೀಟರ್, ವೇಗ ಸೆಕೆಂಡಿಗೆ ಸುಮಾರು 900 ಮೀಟರ್. ಅದೇ ಕಾಡತೂಸು ಹಾಕುವ ಇನ್ಸಾಸ್ ಲಘು ಮೆಷಿನ್ ಗನ್ನಿನ ನಳಿಕೆ 535 ಮಿಲಿಮೀಟರ್, ವೇಗ ಸುಮಾರು 925. ಹೆಚ್ಚಿದ ಉದ್ದ 2.8 ಇಂಚು, ಗಳಿಕೆ 25 ಮೀಟರ್, ಅಂದರೆ ಇಂಚಿಗೆ 9 ಮೀಟರ್.

ರಷ್ಯಾದ ಎಕೆ-74ರ ನಳಿಕೆ 415 ಮಿಲಿಮೀಟರ್, ವೇಗ 900. ಅದರ ಮೋಟು ರೂಪಕ್ಕೆ 206 ಮಿಲಿಮೀಟರ್ ನಳಿಕೆ, ವೇಗ 735. ಉದ್ದ ಅರ್ಧವಾದರೂ ವೇಗ ಅರ್ಧವಾಗಲಿಲ್ಲ, ನೂರಕ್ಕೆ ಹದಿನೆಂಟು ಇಳಿಯಿತು. ಆದರೆ ಇಂಚಿಗೆ ಲೆಕ್ಕ ಹಾಕಿದರೆ ನಷ್ಟ 20 ಮೀಟರ್, ಇನ್ಸಾಸಿನ ಎರಡು ಪಟ್ಟಿಗೂ ಹೆಚ್ಚು. ಕಾಡತೂಸು ಬೇರೆ ನಿಜ, ಆದರೂ ಜಾತಿ ಒಂದೇ. ಮೋಟು ನಳಿಕೆಯಲ್ಲಿ ಪ್ರತಿ ಇಂಚೂ ದುಬಾರಿ, ಉದ್ದ ನಳಿಕೆಯಲ್ಲಿ ಅಗ್ಗ.

ಹಾಗಾಗಿ ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ದೊಡ್ಡ ರೈಫಲ್ ಕಾಡತೂಸುಗಳಿಗೆ, 20 ಇಂಚಿನ ಆಸುಪಾಸಿನಲ್ಲಿ, ಇಂಚಿಗೆ 6ರಿಂದ 12 ಮೀಟರ್. .22ಕ್ಕೆ 16 ಇಂಚು ದಾಟಿದ ಮೇಲೆ ಸೊನ್ನೆ. ಛರ್ರೆ ಹಾರಿಸುವ 12 ಬೋರ್ ಬಂದೂಕಿಗೆ ಸಾಮಾನ್ಯವಾಗಿ ಮಾರುವ 26ರಿಂದ 30 ಇಂಚಿನ ನಡುವೆ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಪಿಸ್ಟನ್ ಒಂದೇ ಪೆಟ್ಟಿಗೆ ಒತ್ತಿದ ಗಾಳಿ ಸ್ವಲ್ಪವೇ. ಪೆಲೆಟ್, ಅಂದರೆ ಏರ್ ರೈಫಲ್ಲಿನ ಪುಟ್ಟ ಗುಂಡು, ನಳಿಕೆಯ ಮೊದಲ ಭಾಗದಲ್ಲೇ ವೇಗ ಪಡೆದುಬಿಡುತ್ತದೆ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಡುವ ಪಿಸಿಪಿ ಬಗೆಯಲ್ಲಿ ಮಾತ್ರ ಉದ್ದಕ್ಕೆ ಬೆಲೆಯಿದೆ, ಏಕೆಂದರೆ ಕವಾಟ ತೆರೆದಿರುವಷ್ಟು ಹೊತ್ತು ಗಾಳಿ ತಳ್ಳುತ್ತಿರುತ್ತದೆ. ಅಂಗಡಿಯಲ್ಲಿ ಉದ್ದದ ಸ್ಪ್ರಿಂಗ್ ರೈಫಲ್ ತೋರಿಸಿ “ಇದರ ಹೊಡೆತ ಜೋರು” ಎಂದು ಹೇಳಿದರೆ ನಕ್ಕು ಸುಮ್ಮನಿರಿ.

ಕಾಡತೂಸಿನ ಡಬ್ಬಿಯ ಮೇಲೆ ಅಚ್ಚಾದ ವೇಗವನ್ನು ಕಂಪನಿ ತನ್ನ ಪರೀಕ್ಷಾ ನಳಿಕೆಯಿಂದ ಅಳೆದಿರುತ್ತದೆ, ನಿಮ್ಮದರಿಂದಲ್ಲ. ಒಂದೇ ಕಾರ್ಖಾನೆಯ, ಒಂದೇ ಉದ್ದದ ಎರಡು ನಳಿಕೆಗಳೂ ಒಂದೇ ವೇಗ ಕೊಡುವುದಿಲ್ಲ. ಅಂದಾಜು ಅಂದಾಜೇ. ಮುಂದಿನ ಹೆಜ್ಜೆ ಬೇಕಾಗುವುದು ಅದಕ್ಕೇ.

ಐದನೆಯ ಹೆಜ್ಜೆ: ವೇಗವನ್ನು ಅಳೆಯಿರಿ

ಕ್ಲಬ್ಬಿನಲ್ಲಿ ಕ್ರೋನೊಗ್ರಾಫ್ ಇದ್ದರೆ ಕೆಲಸ ಸುಲಭ. ಗೊತ್ತಾದ ಅಂತರದಲ್ಲಿ ಎರಡು ಬೆಳಕಿನ ಕಣ್ಣುಗಳು, ಗುಂಡಿನ ನೆರಳು ಒಂದನ್ನು ದಾಟಿ ಇನ್ನೊಂದನ್ನು ದಾಟುವ ಸಮಯವನ್ನು ಯಂತ್ರ ಎಣಿಸುತ್ತದೆ. .22ಕ್ಕೆ ನಳಿಕೆಯ ಬಾಯಿಂದ ಸುಮಾರು ಮೂರು ಮೀಟರ್ ಮುಂದೆ ಇಡಿ. ತೀರಾ ಹತ್ತಿರ ಇಟ್ಟರೆ ಗುಂಡಿಗಿಂತ ಮೊದಲು ಅನಿಲದ ಅಲೆಯೇ ಯಂತ್ರವನ್ನು ಎಚ್ಚರಿಸಿಬಿಡುತ್ತದೆ. ಈ ಕಣ್ಣುಗಳಿಗೆ ಏಪ್ರಿಲ್ ತಿಂಗಳ ಬಿಸಿಲು ಆಗಿಬರುವುದಿಲ್ಲ. ಮೇಲೆ ಬಿಳಿಯ ಹೊದಿಕೆ ಬೇಕು. ಧಾರವಾಡದ ಜುಲೈ ತಿಂಗಳ ಮೋಡ ಕವಿದ ಬಾನು ಇದಕ್ಕೆ ಹೇಳಿ ಮಾಡಿಸಿದ್ದು. ಒಳಾಂಗಣದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಯಂತ್ರ ಹುಚ್ಚುಹುಚ್ಚಾದ ಸಂಖ್ಯೆ ತೋರಿಸುತ್ತದೆ. ನಮ್ಮ ಮೊದಲ ದಿನ ಇದರಲ್ಲೇ ಹಾಳಾಯಿತು. ಒಂದು ಪೆಲೆಟ್ ಸೆಕೆಂಡಿಗೆ 600 ಮೀಟರ್ ಹೋಯಿತೆಂದು ಯಂತ್ರ ಘೋಷಿಸಿದಾಗ ನೋಟ್‌ಬುಕ್ಕಿನ 2700 ನೆನಪಾಗಿ ಇಬ್ಬರೂ ನಕ್ಕೆವು.

ಕ್ರೋನೊಗ್ರಾಫ್ ಇಲ್ಲದಿದ್ದರೆ ಮೊಬೈಲ್ ಸಾಕು. ಈ ಉಪಾಯ ನನಗೆ ಬಹಳ ಇಷ್ಟ. ಹತ್ತು ಮೀಟರ್ ಏರ್ ರೈಫಲ್ ಲೇನಿನ ಸರಿ ಮಧ್ಯಕ್ಕೆ, ಐದು ಮೀಟರ್ ದೂರದಲ್ಲಿ, ಗೋಡೆಯ ಪಕ್ಕ ಮೊಬೈಲನ್ನು ಧ್ವನಿಮುದ್ರಣಕ್ಕೆ ಹಾಕಿ ಇಡಿ. ಎಲ್ಲ ರೈಫಲ್ಲುಗಳನ್ನೂ ಕೆಳಗಿಟ್ಟು, ರೇಂಜ್ ಅಧಿಕಾರಿ ಅನುಮತಿ ಕೊಟ್ಟ ಮೇಲೆಯೇ ಗುಂಡು ಹಾರಿಸುವ ಗೆರೆಯನ್ನು ದಾಟಬೇಕು. ಹಿಂದೆ ಬಂದು ಒಂದು ಪೆಲೆಟ್ ಹಾರಿಸಿ. ಧ್ವನಿಯ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿ ತೋರಿಸುವ ಯಾವುದೇ ಆ್ಯಪಿನಲ್ಲಿ ನೋಡಿದರೆ ಎರಡು ಶಿಖರಗಳು ಕಾಣುತ್ತವೆ: ಹಾರಿದ ಸದ್ದು, ಗುರಿಗೆ ಬಡಿದ ಸದ್ದು. ಎರಡೂ ಸದ್ದು ಮೊಬೈಲಿಗೆ ಬರಲು ಐದೈದು ಮೀಟರ್ ದಾಟಬೇಕಾದ್ದರಿಂದ ಆ ತಡ ಒಂದಕ್ಕೊಂದು ಹೊಡೆದುಹೋಗುತ್ತದೆ. ಉಳಿಯುವುದು ಪೆಲೆಟ್ ಹಾರಾಡಿದ ಸಮಯ ಮಾತ್ರ. ಹತ್ತನ್ನು ಅದರಿಂದ ಭಾಗಿಸಿ. 0.060 ಸೆಕೆಂಡ್ ಬಂದರೆ ವೇಗ ಸುಮಾರು 167 ಮೀಟರ್. ಇದು ದಾರಿಯುದ್ದಕ್ಕೂ ಸರಾಸರಿ ವೇಗ. ನಳಿಕೆಯ ಬಾಯಲ್ಲಿ ಕೆಲವು ಮೀಟರ್ ಹೆಚ್ಚೇ ಇರುತ್ತದೆ.

ಭೌತಶಾಸ್ತ್ರದ ಅಧ್ಯಾಪಕರು ಜೊತೆಗಿದ್ದರೆ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಲೋಲಕದ ವಿಧಾನವೂ ಇದೆ. ಅರ್ಧ ಕಿಲೋ ತೂಕದ, ಮೇಣ ಮೆತ್ತಿದ ಮರದ ತುಂಡನ್ನು ಒಂದು ಮೀಟರ್ ದಾರದಿಂದ ತೂಗಿಬಿಟ್ಟರೆ, 0.53 ಗ್ರಾಮಿನ ಪೆಲೆಟ್ 170 ಮೀಟರ್ ವೇಗದಲ್ಲಿ ಬಂದು ನೆಟ್ಟಾಗ ಅದು ಐದಾರು ಸೆಂಟಿಮೀಟರ್ ಹಿಂದಕ್ಕೆ ತೂಗುತ್ತದೆ. ಅಳೆಯಲು ಸ್ಕೇಲು ಸಾಕು.

ಯಾವ ವಿಧಾನವಾದರೂ ಒಂದೇ ಡಬ್ಬಿಯ ಹತ್ತು ಗುಂಡು ಹಾರಿಸಿ. ಸರಾಸರಿಯನ್ನು ಬರೆಯಿರಿ, ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗಗಳ ಅಂತರವನ್ನೂ ಬರೆಯಿರಿ. ಉಷ್ಣತೆಯನ್ನಂತೂ ಮರೆಯಲೇಬೇಡಿ. ಬಿಸಿಲಲ್ಲಿ ಬಿಟ್ಟ ಮದ್ದು ಚುರುಕಾಗಿ ಉರಿಯುತ್ತದೆ, ಅದೊಂದು. ಇನ್ನೊಂದು, ಶಬ್ದದ ವೇಗವೇ ಬದಲಾಗುತ್ತದೆ. ಡಿಸೆಂಬರ್ ಬೆಳಿಗ್ಗೆ 16 ಡಿಗ್ರಿಯಲ್ಲಿ ಅದು ಸೆಕೆಂಡಿಗೆ 341 ಮೀಟರ್, ಏಪ್ರಿಲ್ ಮಧ್ಯಾಹ್ನ 36 ಡಿಗ್ರಿಯಲ್ಲಿ 353. ನಿಮ್ಮ .22 ಗುಂಡಿನ ವೇಗ 345 ಇದ್ದರೆ ಚಳಿಗಾಲದಲ್ಲಿ ಅದು ಶಬ್ದಕ್ಕಿಂತ ವೇಗ, ಬೇಸಿಗೆಯಲ್ಲಿ ನಿಧಾನ. ಶಬ್ದದ ವೇಗದ ಗಡಿ ದಾಟುವಾಗ ಗುಂಡು ತುಸು ಅಲುಗುತ್ತದೆ. ಅದಕ್ಕಾಗಿಯೇ ಸ್ಪರ್ಧೆಯ .22 ಗುಂಡುಗಳನ್ನು ಬೇಕೆಂದೇ 330ರ ಆಸುಪಾಸಿಗೆ ಇಳಿಸಿ ತಯಾರಿಸುತ್ತಾರೆ.

ಆರನೆಯ ಹೆಜ್ಜೆ: ಆ ವೇಗದಿಂದ ಗುರಿಗೆ ಏನಾಗುತ್ತದೆ ಎಂದು ನೋಡಿ

50 ಮೀಟರ್ ದೂರಕ್ಕೆ 330 ಮೀಟರ್ ವೇಗದ ಗುಂಡು ಹೋಗಲು ಸುಮಾರು 0.157 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 12 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಸೈಟ್ ತಿರುಗಿಸಿ ಅದನ್ನು ಸರಿಪಡಿಸಿಕೊಳ್ಳಬಹುದು, ಚಿಂತೆಯಿಲ್ಲ. ಆದರೆ ಮುಂದಿನ ಗುಂಡು 320 ಮೀಟರ್ ವೇಗದಲ್ಲಿ ಹೊರಟರೆ? ಅದು 7–8 ಮಿಲಿಮೀಟರ್ ಇನ್ನೂ ಕೆಳಗೆ ಬೀಳುತ್ತದೆ. ಅಂತರರಾಷ್ಟ್ರೀಯ 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್. ನಿಮ್ಮ ಕೈ ಅಲುಗದಿದ್ದರೂ ಅಂಕ ಹೋಗಬಹುದು.

ಅಂದರೆ ಕ್ರೀಡೆಗೆ ಬಂದವರು ಕೇಳಬೇಕಾದದ್ದು “ಎಷ್ಟು ವೇಗ” ಎಂದಲ್ಲ, “ಎಷ್ಟು ಸಮ” ಎಂದು. ಹತ್ತು ಗುಂಡುಗಳ ನಡುವಿನ ಅಂತರ ಕಡಿಮೆ ಇರುವ ಡಬ್ಬಿಗೆ ಹಣ ಹಾಕಿ. ನಳಿಕೆ ಎರಡು ಇಂಚು ಹೆಚ್ಚೋ ಕಡಿಮೆಯೋ ಎಂಬುದನ್ನು ನಿಮ್ಮ ತೋಳು ಮತ್ತು ಭುಜ ನಿರ್ಧರಿಸಲಿ. ಕೈಗೆ ಭಾರವೆನಿಸದೆ, ಮುಂದೆ ತುಸು ತೂಗಿ ನೆಟ್ಟಗೆ ನಿಲ್ಲುವ ರೈಫಲ್ ನಿಮ್ಮದು.

ನಳಿಕೆ ಕತ್ತರಿಸುವ ಮಾತು

ಇದನ್ನು ಹೆಜ್ಜೆಗಳ ಸಾಲಿನಲ್ಲಿ ಸೇರಿಸಲಾರೆ. ಬ್ಯಾಡಗಿ ಕಡೆಯ ರೈತರೊಬ್ಬರು, ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಹಳೆಯ 12 ಬೋರ್ ಬಂದೂಕು ಇರುವವರು, ಒಮ್ಮೆ ಕೇಳಿದರು: “ಸರ್, ಇದು ಜೋಳದ ಸಾಲಿನಲ್ಲಿ ಹಿಡಿದು ಓಡಾಡಲು ಉದ್ದವಾಯಿತು. ವೇಗ ಹೆಚ್ಚು ಕಡಿಮೆಯಾಗುವುದಿಲ್ಲ ಎಂದು ನೀವೇ ಹೇಳುತ್ತೀರಿ. ಒಂದು ಗೇಣು ಕೊಯ್ಸಿದರೆ ಹೇಗೆ?”

ಹಾಗೆ ಮಾಡಲೇಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೆಯ ಕಲಮು ಅದಕ್ಕೆಂದೇ ಪ್ರತ್ಯೇಕ ಪರವಾನಗಿ ಇಲ್ಲದೆ ನಳಿಕೆ ಮೋಟು ಮಾಡುವುದನ್ನು ನಿಷೇಧಿಸುತ್ತದೆ. ಬಂದೂಕಿನ ಪರವಾನಗಿ ಕಿಸೆಯಲ್ಲಿದೆ ಎಂಬುದು ನೆಪವಾಗುವುದಿಲ್ಲ, ಇದು ಜೈಲಿನ ಮಾತು. ಅದನ್ನು ಬಿಟ್ಟರೂ, 12 ಬೋರಿನ ನಳಿಕೆಯ ಬಾಯಿ ಸಾಮಾನ್ಯವಾಗಿ ತುಸು ಕಿರಿದಾಗಿರುತ್ತದೆ. ಛರ್ರೆಗಳನ್ನು ಒತ್ತಟ್ಟಿಗೆ ಹಿಡಿದು ಕಳುಹಿಸುವುದು ಆ ಕಿರಿದಾದ ಭಾಗ. ಗೇಣು ಕೊಯ್ದರೆ ಅದೇ ಮೊದಲು ಹೋಗುತ್ತದೆ, ಛರ್ರೆ ಚೆಲ್ಲಾಪಿಲ್ಲಿಯಾಗುತ್ತದೆ. ಅವರು ಬಂದೂಕನ್ನು ಹೆಗಲಿಗೆ ತೂಗುಹಾಕಲು ಒಂದು ಚರ್ಮದ ಪಟ್ಟಿ ಹೊಲಿಸಿಕೊಂಡರು. ಅಲ್ಲಿಗೆ ಉದ್ದದ ತೊಂದರೆ ತೀರಿತು.

ಏರ್ ರೈಫಲ್ ಕೊಳ್ಳುವವರೂ ಕಾನೂನನ್ನು ಕೇಳಿಕೊಂಡೇ ಅಂಗಡಿ ಮೆಟ್ಟಿಲು ಹತ್ತಿ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪರವಾನಗಿಯ ವಿನಾಯಿತಿಗೆ ನಳಿಕೆಯ ವ್ಯಾಸವನ್ನೂ ಬಾಯಿಯಲ್ಲಿನ ಶಕ್ತಿಯನ್ನೂ ನೋಡುತ್ತಾರೆ. ಶಕ್ತಿಯ ಮಿತಿ 20 ಜೂಲ್. ಮೊದಲ ಹೆಜ್ಜೆಯ ಸೂತ್ರ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: 0.53 ಗ್ರಾಮ್ ಪೆಲೆಟ್, 170 ಮೀಟರ್ ವೇಗ, ಶಕ್ತಿ ಎಂಟು ಜೂಲಿಗಿಂತಲೂ ಕಡಿಮೆ.

ಕೊನೆಗೆ ನೋಟ್‌ಬುಕ್

ಪ್ರತಿ ಅಳತೆಗೂ ಒಂದೇ ಸಾಲು ಸಾಕು, ಆದರೆ ಆ ಸಾಲಿನಲ್ಲಿ ಐದು ಸಂಗತಿ ಇರಲಿ: ನಳಿಕೆಯ ಉದ್ದ, ಗುಂಡಿನ ತೂಕ ಮತ್ತು ಡಬ್ಬಿಯ ತಯಾರಿಕಾ ಸಂಖ್ಯೆ, ಉಷ್ಣತೆ, ಹತ್ತು ಗುಂಡುಗಳ ಸರಾಸರಿ, ಹೆಚ್ಚು-ಕಡಿಮೆಯ ಅಂತರ. ಹೊಸ ಡಬ್ಬಿ ಒಡೆದಾಗ ಹೊಸ ಸಾಲು. ಅಣ್ಣನ ಮಗ ಪರೀಕ್ಷೆ ಮುಗಿದ ಮರುದಿನ 2700ರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾನೆ: “25 ಇಂಚು, 40 ಗ್ರೇನ್, 31 ಡಿಗ್ರಿ, ಸರಾಸರಿ 322 ಮೀಟರ್, ಅಂತರ 14.” ಡಬ್ಬಿಯ ಸಂಖ್ಯೆ ಬರೆಯುವುದನ್ನು ಮರೆತಿದ್ದಾನೆ.